ಬರ್ಕ್ಲಿಯಲ್ಲಿ ಬಿಡಿಗೈ ಕಾಳಗ

ಎವರ್‌ಗ್ರೀನ್

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ಧಾರವಾಡದಲ್ಲಿ ಎಲ್ಲರೂ ಕೇಳುವುದು ಆ ಕೆಂಪು ಸೇತುವೆ ನೋಡಿದಿರಾ ಎಂದು. ನೋಡಿದೆ. ಅರ್ಧ ಮಂಜಿನಲ್ಲಿತ್ತು, ಉಳಿದರ್ಧದ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಾ ನಿಂತಿದ್ದರು. ನಾನು ಅಷ್ಟು ದೂರ ಹೋದದ್ದು ಸೇತುವೆಗಾಗಿ ಅಲ್ಲ. ನನ್ನ ತಂಗಿಯ ಮಗಳು ಇನ್ನೊಬ್ಬ ಹುಡುಗಿಯ ಜೊತೆ ಹೊಡೆದಾಡುವುದಿತ್ತು. ಆ ಹೊಡೆದಾಟದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲು ನನ್ನನ್ನು ಕರೆಸಿಕೊಂಡಿದ್ದರು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಖೋ ಖೋ, ಕಬಡ್ಡಿ ಆಡಿಸಿಕೊಂಡು ಸುಖವಾಗಿದ್ದವಳಿಗೆ ನಡುವಯಸ್ಸಿನಲ್ಲಿ ವುಶು ಎಂಬ ಚೀನೀ ಆಟ ಗಂಟುಬಿತ್ತು. ಅದರಲ್ಲಿ ಎರಡು ಬಗೆ. ಒಂದರಲ್ಲಿ, ಕಲಿತ ವರಸೆಗಳನ್ನು ಒಬ್ಬರೇ ನಿಂತು ಚೆಂದವಾಗಿ ಮಾಡಿ ತೋರಿಸಬೇಕು. ಇನ್ನೊಂದರಲ್ಲಿ, ಗ್ಲೌಸು ತೊಟ್ಟು ಎದುರಾಳಿಯ ಜೊತೆ ನಿಜವಾಗಿಯೇ ಸೆಣಸಬೇಕು. ಗುದ್ದಬಹುದು, ಒದೆಯಬಹುದು, ಹಿಡಿದು ಕೆಡವಬಹುದು. ಇದಕ್ಕೆ ಸಾನ್‌ಡಾ ಎಂದು ಹೆಸರು. ನಾನು ಪೈಲ್ವಾನನ ಮಗಳು. ಹುಡುಗಿ ಎಂಬ ಕಾರಣಕ್ಕೆ ಗರಡಿಯ ಮಣ್ಣು ತುಳಿಯಲು ಅಪ್ಪ ನನ್ನನ್ನು ಬಿಟ್ಟಿರಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿದ್ದೇ ನನ್ನ ಕುಸ್ತಿ. ಹೀಗಾಗಿ ಎರಡನೆಯದು ನನಗೆ ಹಿಡಿಸಿತು. ಕಾಲಕ್ರಮದಲ್ಲಿ ನನ್ನ ಶಾಲೆಯ ಹುಡುಗಿಯರು ರಾಜ್ಯಮಟ್ಟದ ತನಕ ಹೋಗಿ ಒಳ್ಳೆ ಹೊಡೆತ ಕೊಟ್ಟೂ ಬಂದರು, ತಿಂದೂ ಬಂದರು.

ತಂಗಿ ಸುಜಾತಾ ಸ್ಯಾನ್ ಹೋಸೆಯ ಎವರ್‌ಗ್ರೀನ್ ಗುಡ್ಡದ ಮೇಲೆ ಇರುತ್ತಾಳೆ. ಫಿಸಿಯೋಥೆರಪಿಸ್ಟ್. ತಲೆಗೆ ಪೆಟ್ಟು ಬಿದ್ದವರಿಗೆ ಮತ್ತೆ ನಡೆಯುವುದನ್ನು, ಮತ್ತೆ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವುದು ಅವಳ ಕೆಲಸ. ಗಂಡ ವಿನಾಯಕ್. ಒಬ್ಬಳೇ ಮಗಳು ಸಿರಿ, ಹೈಸ್ಕೂಲಿನ ಕೊನೆಯ ವರ್ಷ. ಚಿಕ್ಕಂದಿನಲ್ಲಿ ನಾನು ಫೋನಿನಲ್ಲಿ ಹೇಳುತ್ತಿದ್ದ ಕಥೆಗಳಿಂದಲೇ ಈ ಹುಡುಗಿಗೆ ಸಾನ್‌ಡಾ ಹುಚ್ಚು ಹತ್ತಿದ್ದು ಎಂದು ಸುಜಾತಾಳ ಆರೋಪ. ನಾನು ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಬಂದ ಮರುದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಸುಜಾತಾ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದಳು.

"ಅಕಿಗೆ ಪೆಟ್ಟು ಬೀಳತದ ಅಂತ ನಾ ಅಂಜೂದಿಲ್ಲಕ್ಕಾ. ಬಿದ್ದರ ನಾ ಇದೀನಿ, ನೋಡ್ಕೋತೀನಿ. ಅಕಿ ಇನ್ನೊಬ್ಬರ ಮಗಳಿಗೆ ಹೊಡಿಯೂದು ಕಲಿಯಾಕತ್ತಾಳ, ಅದು ನನಗ ತಡಕೊಳ್ಳಾಕ ಆಗೂದಿಲ್ಲ. ದವಾಖಾನ್ಯಾಗ ದಿನಾ ನೋಡತೀನಿ, ದೊಡ್ಡ ದೊಡ್ಡ ಮನಶ್ಯಾರು ಚಮಚಾ ಹಿಡಿಯೂದು ಕಲೀತಿರ್ತಾರ. ಯಾರನ್ನರ ಹಂಗ ಮಾಡೋ ಕೈ ನನ್ನ ಮಗಳದು ಆಗಬಾರದು."

"ಆಟ ಅಲ್ಲೇನ ಸುಜಿ? ನಿಯಮ ಅದಾವ, ತಲಿಗೆ ಗಾರ್ಡು ಅದ."

"ನಿನಗ ಎಲ್ಲಾ ಆಟನ. ನನಗ ನನ್ನ ಮಗಳು ಹ್ಯಾಂಗಾಗ್ತಾಳ ಅನ್ನೂದು ಮುಖ್ಯ."

ತಾಯಿ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಬರ್ಕ್ಲಿಯಲ್ಲಿ ನಡೆಯುವ ಪಂದ್ಯ ಆಯ್ಕೆಯ ಪಂದ್ಯ. ಗೆದ್ದವಳು ರಾಜ್ಯದ ಜೂನಿಯರ್ ತಂಡಕ್ಕೆ. ಸಿರಿ ಗೆದ್ದರೆ ಕಾಲೇಜಿಗೆ ಸೇರಿದ ಮೇಲೂ ಆಡಬಹುದು. ಸೋತರೆ ಗ್ಲೌಸನ್ನು ಕಪಾಟಿಗೆ ಹಾಕಿ ಬಾಗಿಲು ಮುಚ್ಚುವುದು. ಜೊತೆಗೆ ಸುಜಾತಾಳದೇ ಒಂದು ಷರತ್ತು: ಅಕ್ಕ ಬಂದು ಮೂಲೆಯಲ್ಲಿ ಕೂತರೆ ಮಾತ್ರ ಪಂದ್ಯ. ನಾನು ಮೂಲೆಯಲ್ಲಿದ್ದರೆ ಕೆಟ್ಟದ್ದೇನೂ ಆಗದು ಎಂದು ಅವಳಿಗೆ ನಂಬಿಕೆ. ಸಿರಿಗೆ ನಾನಿದ್ದರೆ ಗೆಲ್ಲುತ್ತೇನೆಂಬ ನಂಬಿಕೆ. ಎರಡು ನಂಬಿಕೆಗಳನ್ನು ಒಂದೇ ಹೆಗಲ ಮೇಲೆ ಹೊತ್ತುಕೊಂಡು ನಾನು ಅವರ ರೊಟ್ಟಿ ತಿಂದೆ.

ಮಿಲ್ಪಿಟಸ್

ಸಿರಿಯ ಕ್ಲಾಸು ಮಿಲ್ಪಿಟಸ್‌ನಲ್ಲಿ, ಗೋದಾಮುಗಳ ಸಾಲಿನಲ್ಲಿ, ಒಂದು ಟೈರ್ ಅಂಗಡಿಯ ಪಕ್ಕ. ನಮ್ಮನ್ನು ಕರೆದುಕೊಂಡು ಹೋದದ್ದು ವಿನಾಯಕ್. ಯಾವಾಗಲೂ ಅವರೇ ಅಂತೆ. ಇಷ್ಟು ವರ್ಷಗಳಲ್ಲಿ ಸುಜಾತಾ ಒಂದು ದಿನವೂ ಆ ಬೀದಿಯ ತನಕ ಬಂದವಳಲ್ಲ ಎಂದು ಅವರು ಕಾರು ಓಡಿಸುತ್ತಾ ಹೇಳಿದರು.

ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿದ್ದವು. ನೋಡಿ ಗರಡಿಯೇ ನೆನಪಾಯಿತು. ಆ ನೆನಪಿನಲ್ಲಿ, ಅಪ್ಪ ಮಾಡುತ್ತಿದ್ದ ಹಾಗೆ, ಒಳಗೆ ಕಾಲಿಡುವ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಗ್ಗಿದ್ದು ಸುಲಭವಾಗಿ ಆಯಿತು, ಏಳುವುದು ತಡವಾಯಿತು. ನಾನು ಬಿದ್ದೆನೆಂದು ತಿಳಿದು ನಾಲ್ಕಾರು ಮಕ್ಕಳು ಓಡಿ ಬಂದರು. ಒಬ್ಬಳು ಮಂಜುಗಡ್ಡೆಯ ಚೀಲ ತಂದು ನನ್ನ ಮೊಣಕಾಲಿಗೆ ಒತ್ತಿಯೇ ಬಿಟ್ಟಳು. ಸಿರಿಯ ಮುಖ ಕೆಂಪಾಗಿತ್ತು.

"ದೊಡ್ಡವ್ವ, ಪ್ಲೀಸ್. ಇಲ್ಲಿ ಯಾರೂ ಹಂಗೆ ಮಾಡಲ್ಲ."

ಆದರೆ ದೂರದಲ್ಲಿ ನಿಂತಿದ್ದ ಒಬ್ಬ ಮುದುಕನಿಗೆ ಅರ್ಥವಾಗಿತ್ತು. ಬಲಮುಷ್ಟಿಗೆ ಎಡ ಅಂಗೈ ಹಚ್ಚಿ ನನ್ನತ್ತ ತಲೆ ಬಾಗಿಸಿದರು. ಅವರೇ ಸಿರಿಯ ಕೋಚ್, ಲಿಯಾಂಗ್. ತೆಳ್ಳಗಿನ ಮನುಷ್ಯ, ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ. ಅವರ ಇಂಗ್ಲಿಷೂ ಹರಕು, ನನ್ನದೂ ಹರಕು, ಹಾಗಾಗಿ ಇಬ್ಬರ ಮಾತು ಚೆನ್ನಾಗಿ ಹೊಂದಿತು.

ಅಲ್ಲಿಯ ಮಕ್ಕಳ ಒಂದು ಅಭ್ಯಾಸ ನನಗೆ ಹೊಸದು. ಒದೆಯುತ್ತಾರೆ, ಕೂಡಲೇ ಸಾರಿ ಎನ್ನುತ್ತಾರೆ. ಒದೆಸಿಕೊಂಡವರೂ ಸಾರಿ ಎನ್ನುತ್ತಾರೆ. ಯಾಕೆಂದು ದೇವರಿಗೇ ಗೊತ್ತು. ನಮ್ಮ ಹುಡುಗಿಯರು ಒದ್ದರೆ ಹಲ್ಲು ಕಿರಿಯುತ್ತಾರೆ, ಒದೆಸಿಕೊಂಡರೆ ಬೈಯುತ್ತಾರೆ. ಲಿಯಾಂಗ್ ಅವರಿಗೆ ಈ ಸಾರಿ ಕೇಳಿದರೆ ಆಗದು. "ಮೊದಲು ಒಮ್ಮೆ ವಂದನೆ, ಕೊನೆಗೆ ಒಮ್ಮೆ ವಂದನೆ. ನಡುವೆ ಕ್ಷಮೆ ಕೇಳಬೇಡಿ, ಕ್ಷಮೆ ಕೇಳುವಂಥದ್ದನ್ನು ಮಾಡಲೂ ಬೇಡಿ" ಎಂದು ಗದರಿದರು.

ಸಿರಿ ಆಡುವುದನ್ನು ಮೊದಲ ಸಲ ಕಣ್ಣಾರೆ ಕಂಡೆ. ಎದುರಾಳಿಯ ಕಾಲು ಮೇಲೆ ಬಂದ ಕೂಡಲೇ ಎರಡೂ ಕೈಯಿಂದ ಗಪ್ಪನೆ ಹಿಡಿದು ಎದೆಗೆ ಅವುಚಿಕೊಳ್ಳುತ್ತಾಳೆ. ಸಾನ್‌ಡಾದ ಜೀವಾಳವೇ ಅದು: ಒದೆಯಲು ಬಂದ ಕಾಲನ್ನೇ ಹಿಡಿದು ಕೆಡವುವುದು. ಕುಸ್ತಿಯನ್ನು ಎಂದೂ ನೋಡದ ಆ ಹುಡುಗಿಯ ಹಿಡಿತದಲ್ಲಿ ನನಗೆ ಅಪ್ಪನ ಕೈ ಕಂಡಿತು. ಕಣ್ಣು ಒದ್ದೆಯಾಯಿತು. ಮಂಜುಗಡ್ಡೆಯ ಹುಡುಗಿ ಮೊಣಕಾಲು ನೋಯುತ್ತಿದೆಯೆಂದು ತಿಳಿದು ಮತ್ತೆ ಓಡಿ ಬಂದಳು.

ಸ್ಯಾನ್ ಫ್ರಾನ್ಸಿಸ್ಕೋ

ಶನಿವಾರ ಲಿಯಾಂಗ್ ನಮ್ಮಿಬ್ಬರನ್ನು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿಗೆ ಕರೆದುಕೊಂಡು ಹೋದರು. ದಿಬ್ಬದ ಮೇಲೊಂದು ಚೌಕ. ಮುದುಕರು ಗುಂಪುಗುಂಪಾಗಿ ಇಸ್ಪೀಟು ಆಡುತ್ತಿದ್ದರು. ಹುಬ್ಬಳ್ಳಿಯ ಯಾವುದೇ ಕಟ್ಟೆಯಲ್ಲಿ ಅವರನ್ನು ತಂದು ಕೂರಿಸಿದರೂ ಹೊಂದುತ್ತಿದ್ದರು. ಬೇಸಿಗೆ ಎಂದು ತೆಳು ಸೀರೆ ಉಟ್ಟು ಹೋಗಿದ್ದೆ. ಸಮುದ್ರದ ಗಾಳಿಗೆ ಹಲ್ಲು ಕಟಕಟಿಸಿತು. ಅಂಗಡಿಯೊಂದರಲ್ಲಿ ಬಿಸಿ ಬನ್ನು ಕೊಂಡು ಬಾಯಿಗಿಡಬೇಕು, ಅಷ್ಟರಲ್ಲಿ ಲಿಯಾಂಗ್ ಅದನ್ನು ಕಸಿದುಕೊಂಡು ತಾವೇ ತಿಂದರು. ಒಳಗೆ ಹಂದಿಮಾಂಸವಿತ್ತಂತೆ. ಬದಲಿಗೆ ಎಳ್ಳು ಮೆತ್ತಿ ಕರಿದ ಒಂದು ದೊಡ್ಡ ಉಂಡೆ ಕೊಡಿಸಿದರು.

ಚೌಕದ ಸುತ್ತಲಿನ ಮಾಳಿಗೆಗಳಲ್ಲಿ ಹಿಂದೆ ವ್ಯಾಯಾಮಶಾಲೆಗಳಿದ್ದವು, ಒಂದು ಕಾಲಕ್ಕೆ ಹೊರಗಿನವರಿಗೆ ಕಲಿಸುತ್ತಿರಲಿಲ್ಲ ಎಂದು ತೋರಿಸಿದರು. ಆಮೇಲೆ ಬೆಂಚಿನ ಮೇಲೆ ಕೂತು, ತಾವು ಬದುಕಿಡೀ ಮಾಡಿದ ಆಟದ ಕಥೆ ಹೇಳಿದರು. ಸಿರಿ ಹರಕು ಕಡೆಗಳಲ್ಲಿ ತೇಪೆ ಹಾಕಿದಳು.

ಹಳೆಯ ಕಾಲದಲ್ಲಿ ಚೀನಾದ ಊರುಗಳಲ್ಲಿ ಕಟ್ಟೆ ಕಟ್ಟಿ ಪಂಥ ಕರೆಯುತ್ತಿದ್ದರಂತೆ. ಕಟ್ಟೆಯ ಮೇಲೆ ಒಬ್ಬ ನಿಲ್ಲುತ್ತಾನೆ, ಧೈರ್ಯವಿದ್ದವನು ಹತ್ತುತ್ತಾನೆ. ಗ್ಲೌಸಿಲ್ಲ, ಹೊತ್ತುಗೊತ್ತಿಲ್ಲ. ಕೆಳಗೆ ಬಿದ್ದವನು ಸೋತ. ಸತ್ತರೆ ಯಾರನ್ನೂ ಕೇಳುವಂತಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹತ್ತುವುದೂ ಇತ್ತಂತೆ. ರಾಜರು ಹೋಗಿ ಗಣರಾಜ್ಯ ಬಂದ ಮೇಲೆ ಸರ್ಕಾರವೇ ದೇಶದ ಜಟ್ಟಿಗಳನ್ನೆಲ್ಲ ರಾಜಧಾನಿಗೆ ಕರೆಸಿ ದೊಡ್ಡ ಪರೀಕ್ಷೆ ನಡೆಸಿತು. ಪೆಟ್ಟಾದವರು ಎಷ್ಟೊಂದು ಜನವಾದರೆಂದರೆ, ಕೊನೆಗೆ ಉಳಿದವರನ್ನು ಪರಸ್ಪರ ಸೆಣಸಲು ಬಿಡಲೇ ಇಲ್ಲವಂತೆ. ಮುಂದೆ ಬಹಳ ಕಾಲ ಈ ವಿದ್ಯೆ ಸೈನಿಕರ ತರಬೇತಿಯಲ್ಲಿ ಉಳಿಯಿತು. ಹೊರಗೆ ಜನ ನೋಡುತ್ತಿದ್ದದ್ದು ವರಸೆಗಳ ಪ್ರದರ್ಶನವನ್ನು ಮಾತ್ರ.

"ನಾನು ಹುಡುಗನಾಗಿದ್ದಾಗ ಒಂದು ಆಜ್ಞೆ ಬಂತು" ಎಂದರು ಲಿಯಾಂಗ್. "ಇದನ್ನು ಮತ್ತೆ ಪಂದ್ಯ ಮಾಡಿ, ಆದರೆ ಯಾರೂ ಸಾಯಬಾರದು. ನಮ್ಮ ಕ್ರೀಡಾ ಕಾಲೇಜಿನಲ್ಲಿ ನಾವೊಂದಿಷ್ಟು ಹುಡುಗರು. ನಮ್ಮ ಮೈಮೇಲೆಯೇ ಪ್ರಯೋಗ."

ಮೊದಲು ಕಟ್ಟೆ ಇರಲಿಲ್ಲ, ನೆಲದ ಮೇಲೆ ಗೆರೆ ಎಳೆದಿದ್ದರು. ಎದೆಗೆ ಕಟ್ಟಿಕೊಳ್ಳಲು ಸಿಕ್ಕಿದ್ದೇ ಕವಚ. ಮೊಣಕೈಯಿಂದ ಹೊಡೆಯಬಹುದೇ? ಒಬ್ಬನ ದವಡೆ ಮುರಿದ ಮೇಲೆ, ಬೇಡ ಎಂದಾಯಿತು. ಬಿದ್ದವನನ್ನು ಹೊಡೆಯಬಹುದೇ? ಅದೂ ಬೇಡ. ಹಿಡಿದುಕೊಂಡೇ ಎಷ್ಟು ಹೊತ್ತು ನಿಲ್ಲಬಹುದು? ಎರಡು ಉಸಿರಿನಷ್ಟು, ಅಷ್ಟೇ. ಹಿಂದಿನವರ ನೆನಪಿಗೆಂದು ಕಟ್ಟೆ ಮತ್ತೆ ಬಂತು, ಆದರೆ ಸುತ್ತ ದಪ್ಪನೆಯ ಹಾಸಿಗೆ ಹಾಸಿದರು. ಒಂದೇ ಸುತ್ತಿನಲ್ಲಿ ಎರಡು ಸಲ ಕೆಳಗೆ ಬಿದ್ದರೆ ಆ ಸುತ್ತು ಹೋಯಿತು. ಹೀಗೆ ರೂಪುಗೊಂಡದ್ದು ಮುಂದೆ ದೇಶದೇಶ ತಿರುಗಿ ಏಷ್ಯನ್ ಗೇಮ್ಸ್ ಸೇರಿತು, ಧಾರವಾಡದ ನನ್ನ ಮೈದಾನಕ್ಕೂ ಬಂತು. "ಪ್ರತಿಯೊಂದು ನಿಯಮವೂ ಯಾರದೋ ಒಬ್ಬರ ಮೂಳೆ" ಎಂದು ಅವರು ಕೈಯಲ್ಲಿದ್ದ ಬನ್ನಿನ ಕಾಗದ ಮಡಚಿದರು.

ಮೊದಲು ಈ ಆಟಕ್ಕೆ ಸಾನ್‌ಷೌ ಎಂದೇ ಹೆಸರು. ಷೌ ಎಂದರೆ ಕೈ. ಸಾನ್ ಎಂದರೇನೆಂದು ಹೇಳಲು ಅವರಿಗೂ ಸಿರಿಗೂ ಇಂಗ್ಲಿಷ್ ಸಿಗಲಿಲ್ಲ. ಚದುರಿದ್ದು, ಕಟ್ಟಿಲ್ಲದ್ದು ಎಂದೇನೇನೋ ಕೈಸನ್ನೆ ಮಾಡಿದರು. ನನಗೆ ಹೊಳೆಯಿತು. ಬಿಡಿ! ಮಾಲೆ ಕಟ್ಟದ ಹೂವಿಗೆ ಬಿಡಿ ಹೂ ಎನ್ನುತ್ತೇವಲ್ಲ, ಅದೇ. ವರಸೆಗಳ ಸರಣಿಯಿಂದ ಒಂದೊಂದು ಪೆಟ್ಟನ್ನು ಬಿಡಿಸಿಕೊಂಡು ಬೇಕಾದಾಗ ಬೇಕಾದಂತೆ ಬಳಸುವುದು. ಬಿಡಿಗೈ. ಇಷ್ಟು ವರ್ಷ ಕಲಿಸಿದ ಆಟಕ್ಕೆ ಕನ್ನಡದ ಹೆಸರು ಸಿಕ್ಕಿದ್ದು ಆ ಚಳಿಯ ಬೆಂಚಿನ ಮೇಲೆ.

ನಾನು ಅವರಿಗೆ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದ ವಿಚಾರ ಹೇಳಿದೆ. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬೆರಳಿಗೆ ಮುಷ್ಟಿ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ಹನಿ ರಕ್ತ ಕಂಡಿತೋ, ಕಾಳಗ ಮುಗಿಯಿತು. ಆ ನಿಯಮ ಬರಲು ಯಾರಿಗೆ ಏನಾಗಿತ್ತು ಎಂದು ಲಿಯಾಂಗ್ ಕೇಳಿದರು. ನನಗೆ ಗೊತ್ತಿರಲಿಲ್ಲ.

ಏಳುವ ಮುಂಚೆ ಅವರು ತುಟಿಯ ಮೇಲೆ ಬೆರಳಿಟ್ಟು ಇನ್ನೊಂದು ನಿಯಮ ನೆನಪಿಸಿದರು. ಸುತ್ತು ನಡೆಯುವಾಗ ಮೂಲೆಯಲ್ಲಿ ಕೂತವರು ಬಾಯಿ ಬಿಡುವಂತಿಲ್ಲ. ಹೇಳುವುದಿದ್ದರೆಲ್ಲ ಸುತ್ತುಗಳ ನಡುವಿನ ವಿರಾಮದಲ್ಲಿ. ನಮ್ಮ ಕಡೆ ಈ ನಿಯಮವನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ, ಮೂಲೆಯವರ ಗಂಟಲು ಆಟಗಾರರಿಗಿಂತ ಮೊದಲು ಸೋಲುತ್ತದೆ. ನಾನು ತಲೆಯಾಡಿಸಿದೆ.

ಬರ್ಕ್ಲಿ

ಪಂದ್ಯದ ದಿನ ಕಾರಿನಲ್ಲಿ ನಾವು ಮೂವರು, ಸುಜಾತಾ, ಸಿರಿ, ನಾನು. ವಿನಾಯಕ್ ಅವರಿಗೆ ಆಫೀಸಿನ ಕೆಲಸ ಬಂದು ಕಾರು ಓಡಿಸುವುದು ಸುಜಾತಾಳ ಪಾಲಿಗೆ ಬಿತ್ತು. ತಾನು ಒಳಗೆ ಬರುವುದಿಲ್ಲ, ಎಲ್ಲಾದರೂ ಕಾಫಿ ಕುಡಿಯುತ್ತಾ ಕೂರುತ್ತೇನೆಂದು ದಾರಿಯುದ್ದಕ್ಕೂ ಹೇಳಿದಳು. ಸಿರಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿ ನೋಡುತ್ತಿದ್ದಳು.

ಬರ್ಕ್ಲಿ ಊರಿಗೆ ಊರೇ ಇಳಿಜಾರು. ವಿದ್ಯಾರ್ಥಿಗಳು ಹಲಗೆಗೆ ಗಾಲಿ ಕಟ್ಟಿಕೊಂಡು ಪುಸ್ತಕದ ಚೀಲ ಸಮೇತ ಜಾರಿ ಬರುತ್ತಾರೆ, ಯಾರೂ ಬೈಯುವುದಿಲ್ಲ. ವಿಶ್ವವಿದ್ಯಾಲಯದ ಹತ್ತಿರದ ಒಂದು ಜಿಮ್ಮಿನಲ್ಲಿ ಪಂದ್ಯ. ನಡುವೆ ಸೊಂಟದೆತ್ತರದ ಕಟ್ಟೆ, ಸುತ್ತ ಹಾಸಿಗೆ. ಅಷ್ಟು ಜನ ಕೂತಿದ್ದರೂ ಏನು ನಿಶ್ಶಬ್ದ! ಹಲಗೆ ಬಾರಿಸುವವರಿಲ್ಲ, ಸೀಟಿಯಿಲ್ಲ. ಒಳ್ಳೆಯ ಪೆಟ್ಟು ಬಿದ್ದರೆ ಸಂಗೀತ ಕಛೇರಿಯಲ್ಲಿ ಕೂತವರ ಹಾಗೆ ಚಪ್ಪಾಳೆ.

ಸಿರಿಗೆ ಕೆಂಪು ಮೂಲೆ. ಲಿಯಾಂಗ್ ಪಕ್ಕದ ಕುರ್ಚಿಯಲ್ಲಿ ನಾನು, ಹೆಗಲ ಮೇಲೆ ಟವೆಲು. ಕಪ್ಪು ಮೂಲೆಯಲ್ಲಿ ಫ್ರೆಸ್ನೋದಿಂದ ಬಂದ ಗ್ರೇಸ್ ಎಂಬ ಹುಡುಗಿ, ಸಿರಿಗಿಂತ ಒಂದು ಗೇಣು ಎತ್ತರ. ಇಬ್ಬರೂ ಮುಷ್ಟಿಗೆ ಅಂಗೈ ಹಚ್ಚಿ ವಂದಿಸಿದರು. ಹಿಂತಿರುಗಿ ನೋಡಿದೆ. ಕಾಫಿ ಕುಡಿಯುತ್ತೇನೆಂದವಳು ಜಿಮ್ಮಿನ ದೂರದ ಬಾಗಿಲಲ್ಲಿ ಬ್ಯಾಗನ್ನು ಅವುಚಿಕೊಂಡು ನಿಂತಿದ್ದಳು.

ಮೊದಲ ಸುತ್ತು ಸಿರಿಯದು. ಎರಡು ಸಲ ಗ್ರೇಸಳ ಕಾಲು ಹಿಡಿದು ಚೆಂದವಾಗಿ ಕೆಡವಿದಳು. ಎರಡನೆಯ ಸುತ್ತಿನಲ್ಲಿ ಗ್ರೇಸ್ ಬುದ್ಧಿವಂತಿಕೆ ಮಾಡಿ ಕಾಲು ಕೊಡದೆ ಬರಿ ಗುದ್ದಿದಳು, ಸುತ್ತು ಗೆದ್ದಳು. ಉಳಿದದ್ದು ಕೊನೆಯ ಸುತ್ತು. ಅದರ ಆರಂಭದಲ್ಲೇ ಸಿರಿ ಅಂಚಿನಲ್ಲಿ ಕಾಲು ತಪ್ಪಿ ಹಾಸಿಗೆಯ ಮೇಲೆ ಬಿದ್ದಳು. ಇನ್ನೊಮ್ಮೆ ಬಿದ್ದರೆ ಎಲ್ಲ ಮುಗಿದಂತೆ. ನನ್ನ ಕೈಯಲ್ಲಿ ಟವೆಲು ಹಗ್ಗವಾಗಿತ್ತು.

ಆಗ ಬಂತು ನಾನು ಕಾಯುತ್ತಿದ್ದ ಗಳಿಗೆ. ಗ್ರೇಸಳ ಕಾಲು ಮೇಲೆದ್ದಿತು, ಸಿರಿ ಗಪ್ಪನೆ ಹಿಡಿದಳು. ಒಂಟಿಕಾಲಲ್ಲಿ ಕುಂಟುತ್ತಾ ಗ್ರೇಸ್ ಹಿಂದೆ ಹಿಂದೆ ಸರಿದು ಕಟ್ಟೆಯ ಅಂಚಿಗೆ ಬಂದಳು. ಬೆನ್ನ ಹಿಂದೆ ಬಯಲು. ಆ ನಿಂತ ಕಾಲಿಗೆ ಒಂದೇ ಒಂದು ಒದೆತ ಬಿದ್ದರೆ ಸಾಕು. ನಿಯಮ, ಲಿಯಾಂಗ್, ತುಟಿಯ ಮೇಲಿನ ಬೆರಳು ಎಲ್ಲ ಮರೆತೇ ಹೋಯಿತು. ನಾನು ಎದ್ದು ನಿಂತು, ಧಾರವಾಡದ ಮೈದಾನದಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದೆ.

"ಸಿರೀ! ಬಿಡು! ಬಿಡವಾ!"

ಸಿರಿ ಕೈ ಬಿಟ್ಟಳು.

ಹಿಡಿದ ಕಾಲನ್ನು ಬಿಟ್ಟು ಅರ್ಧ ಹೆಜ್ಜೆ ಹಿಂದೆ ಸರಿದಳು. ಗ್ರೇಸಳ ಕಾಲು ನೆಲಕ್ಕೆ ತಾಗಿತು, ಸಮತೋಲ ಬಂತು, ಮರುಕ್ಷಣ ಅದೇ ಕಾಲು ಸಿರಿಯ ಎದೆಗೆ ಬಂತು. ಸಿರಿ ಆಚೆ ಬದಿಯ ಅಂಚಿನ ತನಕ ತೂರಾಡುತ್ತಾ ಹೋಗಿ ಬೆನ್ನ ಮೇಲೆ ಕೆಳಗೆ ಬಿದ್ದಳು. ರೆಫರಿ ಪಂದ್ಯ ನಿಲ್ಲಿಸಿ, ಮೊದಲು ನನ್ನತ್ತ ಬೆರಳು ತೋರಿಸಿ ಎಚ್ಚರಿಸಿ, ಆಮೇಲೆ ಗ್ರೇಸಳ ಕೈ ಎತ್ತಿದ.

ನಮ್ಮ ಓಣಿಯಲ್ಲಿ ಇಬ್ಬರು ಜಗಳಕ್ಕೆ ನಿಂತರೆ ನೋಡುವವರು ಅನ್ನುವುದೇ ಹಾಗೆ: ಬಿಡು ಒಂದು. ಅಂದರೆ ಬಾರಿಸು. ನನ್ನ ಮೈದಾನದಲ್ಲಿ ಬಿಡು ಎಂದರೆ ಹುಡುಗಿಯರ ಕಾಲು ತಾನಾಗಿ ಹಾರುತ್ತದೆ. ಎವರ್‌ಗ್ರೀನಿನ ಮನೆಯಲ್ಲಿ ಬೆಳೆದ ಮಗುವಿಗೆ ಗೊತ್ತಿರುವ ಬಿಡು ಬೇರೆ. ಫೋನ್ ಬಿಡು, ಹಟ ಬಿಡು, ಅವಳ ಕೂದಲು ಬಿಡು. ನಾನು ಹೊಡೆ ಎಂದು ಕೂಗಿದ್ದೆ. ಅವಳಿಗೆ ಕೈಬಿಡು ಎಂದು ಕೇಳಿಸಿತ್ತು. ಇಷ್ಟು ವರ್ಷದ ಅವಳ ಬೆವರನ್ನು ನಾನು ಒಂದು ಮಾತಿನಲ್ಲಿ ಚೆಲ್ಲಿಬಿಟ್ಟಿದ್ದೆ. ಕುರ್ಚಿಯಲ್ಲಿ ಕೂತುಬಿಟ್ಟೆ.

ಪದ್ಧತಿಯಂತೆ ಗ್ರೇಸ್ ನಮ್ಮ ಮೂಲೆಗೆ ವಂದಿಸಲು ಬಂದಳು. ಕುಂಟುತ್ತಿದ್ದಳು. ಕಟ್ಟೆಯ ಅಂಚಿನಲ್ಲಿ ಹೊದಿಕೆಯ ಮಡಿಕೆಯೊಳಗೆ ಅವಳು ಊರಿ ನಿಂತ ಪಾದ ಸಿಕ್ಕಿಕೊಂಡು ಮೊಣಕಾಲು ತಿರುಚಿಕೊಂಡಿತ್ತಂತೆ. ಆಗ ಆ ಕಾಲಿಗೆ ಒದೆ ಬಿದ್ದಿದ್ದರೆ ಮೊಣಕಾಲೇ ಹೋಗುತ್ತಿತ್ತು.

"ಥ್ಯಾಂಕ್ಸ್. ನೀನು ಬಿಟ್ಟೆ" ಎಂದಳು ಸಿರಿಗೆ, ಇಂಗ್ಲಿಷಿನಲ್ಲಿ. "ನೀನು ಬಿಟ್ಟದ್ದಕ್ಕೇ ನಾನು ಗೆದ್ದೆ ಅಂತ ನಂಗೆ ಗೊತ್ತು."

"ನಾನಲ್ಲ, ನಮ್ಮ ದೊಡ್ಡವ್ವ ಬಿಡೋಕೆ ಹೇಳಿದ್ದು" ಎಂದು ಸಿರಿ ನನ್ನತ್ತ ಕೈ ತೋರಿಸಿದಳು.

ಗ್ರೇಸಳ ತಾಯಿ ಕೆಳಗಿಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಏನೇನೋ ಹೇಳಿದರು, ಕಣ್ಣಲ್ಲಿ ನೀರಿತ್ತು. ನಾನು ಕೈ ಕೊಟ್ಟು ನಿಂತೆ. ಆಮೇಲೆ ಲಿಯಾಂಗ್. ತಮ್ಮ ಎಡಗಾಲಿನ ಮೊಣಕಾಲನ್ನು ಎರಡು ಬೆರಳಿನಿಂದ ತಟ್ಟಿ ತೋರಿಸಿದರು. ಆ ಪ್ರಯೋಗದ ದಿನಗಳಲ್ಲಿ ಹೀಗೇ ಒಬ್ಬ ಅವರ ಕಾಲು ಹಿಡಿದಿದ್ದನಂತೆ. ನೋಡುತ್ತಿದ್ದವರೆಲ್ಲ ಹೊಡೆ ಹೊಡೆ ಎಂದು ಕೂಗಿದ್ದರಂತೆ.

"ನನ್ನ ಮೂಳೆಯೂ ಒಂದು ನಿಯಮವಾಯಿತು, ಮೂಲೆಯವರು ಕೂಗಬಾರದೆಂಬ ನಿಯಮ" ಎಂದರು. "ಅವತ್ತು ನಿಮ್ಮಂಥವರು ಒಬ್ಬರು ಅಲ್ಲಿ ಇರಬೇಕಿತ್ತು."

ಅವತ್ತು ನಾನು ಅಲ್ಲಿದ್ದಿದ್ದರೆ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗುತ್ತಿದ್ದೆ. ಹಾಗೆಂದು ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಸುಜಾತಾ ಬಂದು ಮಗಳ ಎದೆ, ಬೆನ್ನು ಒತ್ತಿ ನೋಡಿದಳು. ಬಾಗಿಲಿನ ಹತ್ತಿರ ನಿಂತವಳಿಗೆ ನನ್ನ ದನಿ ಕೇಳಿಸಿತ್ತು, ಮಾತು ತಿಳಿದಿರಲಿಲ್ಲ. ಸಿರಿಯ ಬಾಯಿಂದ ಕೇಳಿ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಅಕ್ಕಾ, ನೀ ಇದ್ದದ್ದು ಚೊಲೋ ಆತು."

ಫ್ರೀವೇ

ವಾಪಸು ಬರುವಾಗ ಫ್ರೀವೇ ತುಂಬಿತ್ತು. ಅಷ್ಟೊಂದು ಕಾರು ಇಂಚಿಂಚು ಸರಿಯುತ್ತವೆ, ಒಂದಾದರೂ ಹಾರ್ನ್ ಹೊಡೆಯುವುದಿಲ್ಲ. ಗದ್ದಲವಿದ್ದಿದ್ದರೆ ಸುಮ್ಮನಿರುವುದು ನನಗೆ ಸುಲಭವಾಗುತ್ತಿತ್ತು. ಸಿರಿ ಹಿಂದಿನ ಸೀಟಿನಲ್ಲಿ ಗ್ಲೌಸುಗಳನ್ನು ಒಂದಕ್ಕೊಂದು ಸೇರಿಸಿ ಪಟ್ಟಿ ಬಿಗಿಯುತ್ತಿದ್ದಳು. ಒಪ್ಪಂದ ಒಪ್ಪಂದವೇ ಎಂದು ಅವಳೂ ಬಲ್ಲಳು. ಅತ್ತಿರಲಿಲ್ಲ.

"ಇಟ್ಸ್ ಓಕೆ, ದೊಡ್ಡವ್ವ" ಎಂದಳು. "ನೀವು ಹೇಳಿದ್ದು ಕರೆಕ್ಟಾಗೇ ಇತ್ತು."

ಇನ್ನು ತಡೆಯಲಾಗಲಿಲ್ಲ. ಹೊಗಳಿಕೆಯನ್ನು ನುಂಗಿಕೊಂಡು ವಿಮಾನ ಹತ್ತಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗಿ ನನ್ನನ್ನು ಸಮಾಧಾನ ಮಾಡುವುದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

"ಇಲ್ಲವ್ವಾ. ನಾ ಕೈಬಿಡು ಅಂತ ಹೇಳಲಿಲ್ಲ. ಹೊಡಿ ಅಂದೆ. ನಮ್ಮ ಕಡೆ ಬಿಡು ಅಂದ್ರ ಹೊಡಿ ಅಂತನೂ ಆಗತದ. ಅಕಿ ಕಾಲಿಗೆ ಒಂದು ಒದಿ ಅಂತ ನಾ ಒದರಿದ್ದು. ಅಕಿ ಮೊಣಕಾಲು ನನಗ ಕಂಡಿರಲೇ ಇಲ್ಲ."

ಸುಜಾತಾ ಸ್ಟೀರಿಂಗ್ ಹಿಡಿದುಕೊಂಡೇ ನನ್ನತ್ತ ತಿರುಗಿದಳು. ಅದೇ ಓಣಿಯಲ್ಲಿ ಬೆಳೆದವಳು, ಅವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ.

"ಬಿಡು ಒಂದು" ಎಂದಳು ಮೆಲ್ಲಗೆ, ಎಷ್ಟೋ ವರ್ಷಗಳ ಮೇಲೆ ಆ ಮಾತನ್ನು ಬಾಯಲ್ಲಿಟ್ಟು ನೋಡುವವಳ ಹಾಗೆ. "ಆ ಅರ್ಥ ನಾ ಅಕಿಗೆ ಕಲಿಸೇ ಇಲ್ಲಕ್ಕಾ."

ಆಮೇಲೆ ಸಿರಿ ಮುಂದೆ ಬಾಗಿ ನಮ್ಮಿಬ್ಬರ ಸೀಟಿನ ನಡುವೆ ಮುಖ ತಂದಳು.

"ವೇಟ್. ನಂಗೆ ಅವಳ ಮೊಣಕಾಲು ಕಾಣಿಸ್ತಿತ್ತು. ಅದು ಟ್ವಿಸ್ಟ್ ಆಗಿತ್ತು, ಅವಳು ಆ ಅಂತ ಸೌಂಡ್ ಮಾಡಿದ್ಲು. ನಾನು ಆಲ್ರೆಡಿ ಕೈ ಲೂಸ್ ಮಾಡ್ತಿದ್ದೆ. ಆಗ ನೀವು ಕೂಗಿದ್ರಿ. ದೊಡ್ಡವ್ವಂಗೂ ಕಾಣಿಸ್ತು, ಅದಕ್ಕೇ ಹೇಳ್ತಿದಾರೆ ಅನ್ಕೊಂಡೆ." ಗ್ಲೌಸುಗಳನ್ನು ಮಡಿಲಿಗೆ ಎಳೆದುಕೊಂಡಳು. "ನೀವು ಹೇಳಿಲ್ಲ ಅಂದ್ರೆ... ಅದು ನಾನೇ ಮಾಡಿದ್ದಾ?"

ನಾನು ಸುಜಾತಾಳತ್ತ ನೋಡಿದೆ.

"ಹೂಂ" ಎಂದಳು ಸುಜಾತಾ. "ನೀನ ಮಾಡಿದ್ದು."

ಸಿರಿ ಸೀಟಿಗೊರಗಿ ಈಗ ಅತ್ತಳು. ಅಲ್ಲಿಯವರೆಗೆ ಸೋಲನ್ನು ನನ್ನ ಹೆಸರಿಗೆ ಹಾಕಿ ಸುಮ್ಮನಿದ್ದಳು. ಈಗ ಅದು ಅವಳದೇ ಆಗಿತ್ತು, ಗ್ರೇಸಳ ಮೊಣಕಾಲೂ ಅದರ ಜೊತೆಗೇ ಬಂದಿತ್ತು. ನಾನು ಹಿಂದೆ ಕೈಚಾಚಿ ಅವಳ ಪಾದ ಹಿಡಿದುಕೊಂಡೆ. ಕಾರುಗಳು ತುಸು ಸಡಿಲಾಗಿ ಸರಿಯತೊಡಗಿದವು. ಸುಜಾತಾ ರಸ್ತೆ ನೋಡುತ್ತಲೇ ಕೇಳಿದಳು.

"ಕ್ಲಾಸು ಮತ್ತ ಯಾವಾಗ ಅದ?"

"ಟ್ಯೂಸ್‌ಡೇ. ಬಟ್ ಅಮ್ಮ, ನಾನು ಸೋತೆ. ನೀನೇ ಹೇಳಿದ್ದೆ—"

"ಗೊತ್ತದ ನಾ ಏನ್ ಹೇಳಿದ್ದೆ ಅಂತ." ಸುಜಾತಾ ಕನ್ನಡಿಯಲ್ಲಿ ಮಗಳನ್ನು ನೋಡಿದಳು. "ಅಪ್ಪಗ ಬ್ಯಾಡ ಅನ್ನು. ಮಂಗಳವಾರ ಕ್ಲಾಸಿಗೆ ನಾನ ಬಿಡ್ತೀನಿ."